ಫಕೀರವ್ವ ಪಾಲಿಗೆ ಬಿಟ್ಟ ಕುರಿಗಳು

ಕುಲಗೋಡದಲ್ಲಿ ಫಕೀರವ್ವನ ಮನೆ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಊರ ಹೊರಗೆ, ಕಬ್ಬಿನ ಗಾಡಿಗಳು ಹೋಗುವ ದಾರಿಯ ಬಾಜೂ ಒಂದು ಮಣ್ಣಿನ ಮನೆ, ಅದರ ಮುಂದೆ ಜಾಲಿಮುಳ್ಳಿನ ಬೇಲಿ ಹಾಕಿದ ಕುರಿದೊಡ್ಡಿ. ಗಂಡ ಅಲ್ಲಪ್ಪ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಕುರಿಗಳಿದ್ದವು, ಒಂದು ಎಕರೆ ಜೋಳದ ಹೊಲವಿತ್ತು, ಗಂಡನ ಅಣ್ಣನ ಮಗ ಸತ್ತೆಪ್ಪ ಇದ್ದ.

ಬೇರೆಯವರು ಮಗಳ ಮದುವೆಗೆ ವರ್ಷಗಟ್ಟಲೆ ತಯಾರಿ ಮಾಡುತ್ತಾರೆ. ಫಕೀರವ್ವ ತಾನು ಹಾಸಿಗೆ ಹಿಡಿಯುವ ದಿನಕ್ಕೆ ಹಾಗೆ ತಯಾರಿ ಮಾಡಿಕೊಂಡಿದ್ದಳು. ಗಟ್ಟಿಮುಟ್ಟಾಗಿ ಓಡಾಡುತ್ತಿದ್ದಾಗಲೇ ಮಾಡಿಕೊಂಡಿದ್ದಳು. ಇದರಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು. ಉಳಿದರ್ಧ ನಮ್ಮ ಅವ್ವ ದ್ರಾಕ್ಷಾಯಿಣಿಯ ಬಾಯಿಂದ ಮತ್ತು ಫಕೀರವ್ವ ಆಯಿಯ ಬಾಯಿಂದ ಕೇಳಿದ್ದು. ಕೇಳಿದ್ದನ್ನು ಕಂಡಂತೆ ಬರೆಯಬಾರದೆಂದು ಎಚ್ಚರ ವಹಿಸಿದ್ದೇನೆ.

ಮೊದಲನೆಯದು ದಡ್ಡಿ ಎಂಬ ಊರಿನ ಕತೆ. ಇದನ್ನು ಹೇಳಿದವಳು ಆಯಿ.

ಆಕೆ ಮದುವೆಯಾಗಿ ಬಂದ ಕಾಲಕ್ಕೆ ದೀಪಾವಳಿ ಮುಗಿಸಿ ಕುರಿ ಹೊಡೆದುಕೊಂಡು ಪಡುವಣಕ್ಕೆ ಹೋಗುವುದು ರೂಢಿ. ಗೋಕಾಕ ದಾಟಿ, ಹುಕ್ಕೇರಿ ಸೀಮೆ ಹಾಯ್ದು, ಘಟಪ್ರಭೆಯ ದಂಡೆಗುಂಟ ಹೋಗುತ್ತಿದ್ದರು. ಸುಗ್ಗಿಯಾದ ಹೊಲಗಳಲ್ಲಿ ಕುರಿ ಕೂಡಿಸಿದರೆ ಗೊಬ್ಬರವಾಗುತ್ತದೆಂದು ಹೊಲದವರು ಕಾಳು ಕೊಡುತ್ತಿದ್ದರು. ಒಂದು ವರ್ಷ ದಡ್ಡಿಯ ಹತ್ತಿರ ಆಕೆಯ ಮಾವ ಸೋಮಪ್ಪ ಬಂಡೆಯ ಮೇಲಿಂದ ಜಾರಿ ಬಿದ್ದು ನಡ ಮುರಿದುಕೊಂಡ. ಕುರಿಗಳನ್ನು ನಿಲ್ಲಿಸಿಕೊಂಡು ಕೂರುವಂತಿಲ್ಲ, ಮೇವು ಮುಗಿದ ಕೂಡಲೇ ಮುಂದೆ ನಡೆಯಬೇಕು. ಪರಿಚಯದ ಒಂದು ಮನೆಯಲ್ಲಿ ಮುದುಕನನ್ನು ಮಲಗಿಸಿ, ಅವನ ಆರೈಕೆಗೆಂದು ಹತ್ತು ಕುರಿ ಬಿಟ್ಟು ಹೋದರು. ಮಳೆಗಾಲದ ಮುಂಚೆ ತಿರುಗಿ ಬಂದಾಗ ಹತ್ತೂ ಕುರಿ ಇದ್ದವು. ಮರಿ ಹಾಕಿದ್ದವು, ಉಣ್ಣೆ ಮಿಂಚುತ್ತಿತ್ತು. ಮಾವನ ಬೆನ್ನಿನ ತುಂಬ ಹುಣ್ಣಾಗಿತ್ತು. ಅವರು ಬಂದ ಮೂರನೆಯ ದಿನ ಪ್ರಾಣ ಬಿಟ್ಟ.

"ಆ ಮನಿಯಾಕಿ ಕೆಟ್ಟಾಕಿ ಅಲ್ಲವಾ" ಎನ್ನುತ್ತಿದ್ದಳು ಆಯಿ. "ನನ್ನ ಕೈ ಹಿಡ್ಕೊಂಡು ಅತ್ತಳು. ಮೊದಲ ಎಲ್ಲಾ ಮಾಡಿದ್ನಿ, ಆಮ್ಯಾಲ ನನ್ನ ಕೈಲೆ ಆಗ್ಲಿಲ್ಲ ಅಂದಳು. ಖರೇನ ಹೇಳಿದಳು. ಕುರಿ ಸಾಕೂದು ಆಕಿಗೆ ಬರ್ತಿತ್ತು, ಮುದುಕನ್ನ ಸಾಕೂದು ಬರ್ತಿರಲಿಲ್ಲ."

ಎಲ್ಲರೂ ಇಂಥ ಸಾವು ಕಂಡು ಅತ್ತು ಮರೆಯುತ್ತಾರೆ. ಆಯಿ ಅದನ್ನೊಂದು ಪ್ರಶ್ನೆ ಮಾಡಿಕೊಂಡು ವರ್ಷಗಟ್ಟಲೆ ಹೊತ್ತು ತಿರುಗಿದಳು. ಹತ್ತು ಕುರಿ ಕೊಟ್ಟರೂ ಮಾವ ಯಾಕೆ ಹಾಗೆ ಸತ್ತ? ಕೊಟ್ಟದ್ದು ಕಡಿಮೆಯಾಯಿತೇ? ಕೊಟ್ಟ ರೀತಿ ತಪ್ಪಾಯಿತೇ?

ಉತ್ತರ ಸಿಕ್ಕಿದ್ದು ಮೂಡಲಗಿಯಲ್ಲಿ.

ಗಂಡ ಸತ್ತ ಮೇಲೆ ಆಕೆ ಕುರಿಗಳನ್ನು ಸತ್ತೆಪ್ಪನ ಹತ್ತಿರ ಪಾಲಿಗೆ ಬಿಟ್ಟು, ಮೂಡಲಗಿಯ ಅಡತಿ ವ್ಯಾಪಾರಿ ನೇಮಣ್ಣನ ಮನೆಯಲ್ಲಿ ಎರಡು ವರ್ಷ ಪಗಾರಕ್ಕೆ ದುಡಿದಳು. ಪಾಲಿಗೆ ಬಿಡುವುದೆಂದರೆ ನಮ್ಮಲ್ಲಿ ಇಷ್ಟೇ: ಕುರಿ ಒಬ್ಬರದು, ಮೇಯಿಸುವವರು ಇನ್ನೊಬ್ಬರು, ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಅರ್ಧರ್ಧ. ನೇಮಣ್ಣ ಜೈನರವ. ಅವನ ತಾಯಿ ಜಿನ್ನವ್ವನಿಗೆ ಲಕ್ವಾ ಹೊಡೆದು ಅರ್ಧ ಮೈ ಬಿದ್ದುಹೋಗಿತ್ತು. ಆಕೆಯನ್ನು ಮೀಯಿಸುವುದು, ಹೊರಳಿಸುವುದು, ಬಟ್ಟೆ ಬದಲಿಸುವುದು, ಹೊತ್ತು ಮುಳುಗುವುದರೊಳಗೆ ಉಣಿಸುವುದು ಫಕೀರವ್ವನ ಕೆಲಸ. ಆ ಮನೆಯಲ್ಲಿ ಯಾವುದಕ್ಕೂ ಕಡಿಮೆಯಿರಲಿಲ್ಲ. ಮೆತ್ತನೆಯ ಗಾದಿ, ಬೆಳಗಾವಿಯಿಂದ ತಂದ ಔಷಧ, ಇಬ್ಬರು ಸೊಸೆಯಂದಿರು. ಜಿನ್ನವ್ವನ ನಾಲಿಗೆ ತೊದಲುತ್ತಿತ್ತು. ಒಂದು ಮಾತು ಕನ್ನಡದಲ್ಲಿ ಬಂದರೆ ಎರಡು ಮರಾಠಿಯಲ್ಲಿ ಬರುತ್ತಿದ್ದವು. ಆಯಿಗೆ ಮರಾಠಿ ಬರುತ್ತಿರಲಿಲ್ಲ, ಆದರೂ ಆಕೆಗೆ ಎಲ್ಲಿ ನೋಯುತ್ತದೆಂದು ತಿಳಿಯುತ್ತಿತ್ತಂತೆ.

ಒಂದು ದಿನ ನೇಮಣ್ಣ ತಾಯಿಯ ಕೋಣೆಯ ಹೊಸ್ತಿಲ ಮೇಲೆ ಕೂತುಬಿಟ್ಟ. ಒಳಗೆ ಬರಲಿಲ್ಲ.

"ಯಾಕ್ರಿ ಸಾವಕಾರ್ರ, ಮೈಯಾಗ ಆರಾಮಿಲ್ಲೇನ್ರಿ?" ಎಂದು ಆಯಿ ಕೇಳಿದಳು.

"ಫಕೀರವ್ವಾ, ಯಾರ ಮುಂದೂ ಹೇಳಬ್ಯಾಡ" ಎಂದ ನೇಮಣ್ಣ. "ನನಗ ಅವ್ವನ ಮ್ಯಾಲ ಸಿಟ್ಟು ಬರಾಕತ್ತೈತಿ. ಆಕೀದು ಏನೂ ತಪ್ಪಿಲ್ಲ. ದಿನಾ ಬೆಳಗಾದ್ರ ಅದ ಕೋಣಿ, ಅದ ವಾಸನಿ. ಒಳಗ ಬಂದ್ರ ಏನರೆ ಅಂದುಬಿಡ್ತೇನಿ ಅಂತ ಅಂಜಿಕಿ."

ಆಯಿಗೆ ಅಲ್ಲೇ ಬೆಳಕು ಬಿತ್ತು. ನೇಮಣ್ಣನಷ್ಟು ಒಳ್ಳೆಯ ಮಗನನ್ನು ಆಕೆ ಕಂಡಿರಲಿಲ್ಲ. ಅಂಥವನಿಗೇ ಬೇಸರ ಬಂದರೆ ದಡ್ಡಿಯ ಹೆಂಗಸಿನದೇನು ತಪ್ಪು? ಕೊಟ್ಟದ್ದು ಕಡಿಮೆಯಾಗಿರಲಿಲ್ಲ. ಹತ್ತು ಕುರಿಯನ್ನೂ ಒಂದೇ ಮನೆಗೆ ಕೊಟ್ಟದ್ದು ತಪ್ಪಾಗಿತ್ತು. "ಒಬ್ಬರ ಕೈಯಾಗ ಬೀಳಬಾರದು, ಅವರು ಹೊಟ್ಟಿಲೆ ಹುಟ್ಟಿದವರಾದ್ರೂ ಬೀಳಬಾರದು" ಎಂದು ಆಕೆ ನನಗೆ ಎಷ್ಟೋ ಸಲ ಹೇಳಿದ್ದಾಳೆ.

ಜಿನ್ನವ್ವ ತೀರಿಕೊಂಡ ಮೇಲೆ ಆಕೆ ಊರಿಗೆ ಬಂದು ಸತ್ತೆಪ್ಪನಿಂದ ತನ್ನ ಕುರಿಗಳನ್ನು ತಿರುಗಿ ಪಡೆದಳು. ಅದು ತೊಂಬತ್ತೆರಡನೆಯ ಇಸವಿ. ಆಗ ಆಕೆಗೆ ಐವತ್ತೈದೋ ಐವತ್ತಾರೋ. ನಾನು ತೊಟ್ಟಿಲಲ್ಲಿದ್ದೆ. ಇಲ್ಲಿಂದ ಮುಂದಿನದು ಅವ್ವ ಹೇಳಿದ್ದು.

ಒಂದು ಮುಂಜಾನೆ ಫಕೀರವ್ವ ಒಂದು ಹೆಣ್ಣು ಕುರಿಯನ್ನು ಹಗ್ಗ ಹಿಡಿದು ಎಳೆದುಕೊಂಡು ನಮ್ಮ ಅಂಗಳಕ್ಕೆ ಬಂದಳು. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ದ್ರಾಕ್ಷಾಯಿಣಿ, ಈ ಕುರಿ ನಿನಗ ಪಾಲಿಗೆ ಬಿಡಾಕ ಬಂದೀನಿ."

"ಅವರು ಹೊಲಕ್ಕ ಹೋಗ್ಯಾರ್ರಿ ಅತ್ತಿ. ಬಂದ ಮ್ಯಾಲ ಕೇಳಿ ಹೇಳ್ತೀನಿ."

"ನಾ ಗಂಡಸರಿಗೆ ಕೊಡಾಕತ್ತಿಲ್ಲ, ನಿನಗ ಕೊಡಾಕತ್ತೀನಿ. ಮರಿಯಾಗ ನನಗ ಪಾಲು ಬ್ಯಾಡ. ಎಲ್ಲಾ ನಿಂದ. ಮಾರು, ತಿನ್ನು, ಮಗಳಿಗೆ ಬಂಗಾರ ಮಾಡ್ಸು. ಆದ್ರ ಈ ಕುರಿ ಸಂತಾನದಾಗ ನನ್ನ ಕಿವಿಗುರುತು ಇದ್ದ ಒಂದು ಹೆಣ್ಣ ಕುರಿ ನಿನ್ನ ಅಂಗಳದಾಗ ಯಾವಾಗಲೂ ಇರಬೇಕು."

"ಮತ್ತ ನಿಮಗೇನ್ ಬಂತ್ರಿ?"

"ನಾ ಹಾಸಿಗಿ ಹಿಡದಾಗ ಹದಿನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿನ್ನ ಪಾಳಿ. ಹೊತ್ತು ಹುಟ್ಟಿದಾಗ ಬರಬೇಕು, ಮರುದಿನ ಹೊತ್ತು ಹುಟ್ಟಿದಾಗ ಹೋಗಬೇಕು. ಊಟಾ ನೀ ತರಬೇಕು. ಕುರಿ ಇರೂತನಕ ಪಾಳಿ. ಬ್ಯಾನಿ ಬಂದು ಕುರಿ ಸತ್ತರ ಕಿವಿ ತಂದು ತೋರ್ಸು, ನೀ ಪಾಳಿ ಬಿಟ್ಟಿ. ನಾ ಒಂದು ಮಾತೂ ಅನ್ನೂದಿಲ್ಲ."

ಪಾಲಿನ ಕುರಿ ಸತ್ತರೆ ಅದರ ಎರಡೂ ಕಿವಿ ಕೊಯ್ದು ಒಡೆಯನಿಗೆ ತೋರಿಸುವುದು ನಮ್ಮ ಕಡೆಯ ಹಳೆಯ ಪದ್ಧತಿ. ಕುರಿಯನ್ನು ಮಾರಿ ಸತ್ತಿತೆಂದು ಸುಳ್ಳು ಹೇಳಬಾರದಲ್ಲ, ಅದಕ್ಕೆ. ಪ್ರತಿ ಮನೆತನಕ್ಕೂ ಒಂದು ಕಿವಿಗುರುತು ಇರುತ್ತದೆ. ಫಕೀರವ್ವನದು ಎಡಗಿವಿಯ ತುದಿಗೆ ಒಂದು ಸೀಳು, ಬಲಗಿವಿಯ ಅಂಚಿಗೆ ಅರ್ಧಚಂದ್ರದಂಥ ಒಂದು ಕಚ್ಚು.

ಹೀಗೆ ಹದಿನಾಲ್ಕು ಮನೆಗೆ ಕುರಿ ಕೊಟ್ಟಳು. ಮನೆಗಳನ್ನು ಆರಿಸುವುದರಲ್ಲೂ ಆಕೆಯ ಲೆಕ್ಕವಿತ್ತು. ಹೊಸದಾಗಿ ಗಂಡನ ಮನೆಗೆ ನಡೆಯಲು ಬಂದ ಸೊಸೆಯಂದಿರಿಗೇ ಕೊಟ್ಟಳು. ತಾನು ಬೀಳುವ ಹೊತ್ತಿಗೆ ಅವರ ನಡ ಗಟ್ಟಿಯಿರಬೇಕು, ಮನೆಯಲ್ಲಿ ಅವರ ಮಾತು ನಡೆಯುವಂತಿರಬೇಕು. ತನ್ನ ವಾರಿಗೆಯವರಿಗೆ ಒಂದನ್ನೂ ಕೊಡಲಿಲ್ಲ. "ಅವರೂ ನನ್ನ ಸಂಗಾಟ ಬೀಳಾವ್ರ" ಎನ್ನುತ್ತಿದ್ದಳಂತೆ. ಔಷಧದ ಖರ್ಚಿಗೆಂದು ಯಾವಾಗಲೂ ನಾಲ್ಕು ಟಗರು ತನ್ನ ದೊಡ್ಡಿಯಲ್ಲೇ ಇಟ್ಟುಕೊಳ್ಳುತ್ತಿದ್ದಳು.

ಊರು ನಕ್ಕಿತು. ಸತ್ತೆಪ್ಪ ಮಾತ್ರ ನಗಲಿಲ್ಲ. ನಮ್ಮ ಅಂಗಳದಲ್ಲೇ ನಿಂತು ಆಕೆಯನ್ನು ಕೇಳಿದನಂತೆ, "ಕಾಕಿ, ನಾವೇನ್ ಸತ್ತೀವೇನ? ನಾಳಿ ಮಂದಿ ಬಂದು ನಿನ್ನ ಹೇಲು ಉಚ್ಚಿ ಬಳದ್ರ ನಮ್ಮ ಮಾರಿ ಎಲ್ಲಿಡೂಣು? ಆ ಕುರಿ ನನ್ನ ದೊಡ್ಡಿಗೆ ಹೊಡಿ. ನಾ ನೋಡ್ಕೋತೀನಿ."

"ನೀ ನೋಡ್ಕೋತಿ ಅಂತ ನನಗ ಗೊತ್ತೈತೋ ತಮ್ಮಾ. ಒಂದು ವರ್ಷ ನೋಡ್ಕೋತಿ. ಎರಡನೇ ವರ್ಷ ಸಿಟ್ಟಿಲೆ ನೋಡ್ಕೋತಿ. ನಿನ್ನ ಸಿಟ್ಟು ನಾ ಯಾಕ ನೋಡ್ಲಿ? ನೀ ನನಗ ಮಗ ಇದ್ದಂಗ ಇರು. ಹೊಲ ನಿನ್ನ ಹೆಸರಿಗೆ ಮಾಡ್ತೀನಿ. ಕುರಿ ಮಾತ್ರ ಕೇಳಬ್ಯಾಡ."

ಸತ್ತೆಪ್ಪ ಬಹಳ ದಿನ ಮಾತು ಬಿಟ್ಟ. ಆದರೆ ಆಕೆಯ ಹೊಲ ಉತ್ತು ಬಿತ್ತುವುದನ್ನು ಬಿಡಲಿಲ್ಲ. ಸುಗ್ಗಿಯಾದ ಮೇಲೆ ಜೋಳದ ಚೀಲ ತಂದು ಕಟ್ಟೆಯ ಮೇಲಿಟ್ಟು, ಬಾಗಿಲು ಬಡಿದು, ಆಕೆ ಹೊರಗೆ ಬರುವುದರೊಳಗೆ ಹೋಗಿಬಿಡುತ್ತಿದ್ದ.

ನಾನು ಐದಾರು ವರ್ಷದವಳಿದ್ದಾಗಿನ ಒಂದು ನೋಟ ನನಗೆ ಚೆನ್ನಾಗಿ ನೆನಪಿದೆ. ಮಳೆಗಾಲದ ಒಂದು ಮಧ್ಯಾಹ್ನ ಆಯಿ ಹದಿನಾಲ್ಕೂ ಮನೆಯ ಹೆಂಗಸರನ್ನು ಕರೆದು, ನಡುಮನೆಯಲ್ಲಿ ಕಂಬಳಿ ಹಾಸಿ, ಅದರ ಮೇಲೆ ಅಂಗಾತ ಮಲಗಿದಳು.

"ನಾ ಬಿದ್ದೀನಿ ಅಂತ ತಿಳಕೋರಿ. ಅರ್ಧ ಮೈಯಾಗ ಜೀವ ಇಲ್ಲ. ಕೆಂಚವ್ವಾ, ನನ್ನ ಹೊರಳಸು."

ಕೆಂಚವ್ವ ನಮ್ಮ ಓಣಿಯವಳು, ಬಾಯಿ ಜೋರು. ಆಕೆ ಸೆರಗು ಬಿಗಿದು, ಬಗ್ಗಿ, ಆಯಿಯ ತೋಳು ಹಿಡಿದು ಜಗ್ಗಿದಳು. ಆಯಿ ಕಲ್ಲಿನಂತೆ ಮಲಗಿದ್ದಳು.

"ಅತ್ತೀ, ನೀ ಬೀಳೂದಕ್ಕ ಮೊದಲ ನನ್ನ ನಡ ಬಿದ್ದು ಹೋಗತೈತಿ. ಒಂಚೂರರೆ ಹಗರ ಆಗು."

"ಬಿದ್ದವರು ಹಗರ ಆಗೂದಿಲ್ಲ. ತೋಳು ಹಿಡದು ಜಗ್ಗಿದ್ರ ತೋಳು ಕಿತ್ತು ಬರ್ತೈತಿ ಅಷ್ಟ. ಮೊಣಕಾಲು ಮಡಚು. ಒಂದು ಕೈ ಭುಜಕ್ಕ ಹಚ್ಚು, ಒಂದು ಕೈ ನಡದ ಕೆಳಗ ಚಪ್ಪಿಗೆ ಹಚ್ಚು. ನಿನ್ನ ಕಡೆ ಎಳ್ಕೊ, ದೂಡಬ್ಯಾಡ. ದೂಡಿದ್ರ ಅಂಜಿಕಿ ಬರ್ತೈತಿ ಮಲಗಿದವರಿಗೆ."

ಕೆಂಚವ್ವ ಹಾಗೆಯೇ ಮಾಡಿದಳು. ಆಯಿ ಮಗುವಿನ ಹಾಗೆ ಮಗ್ಗುಲಾದಳು. ನಗುತ್ತಿದ್ದವರೂ ಎದ್ದು ಹತ್ತಿರ ಬಂದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹೊರಳಿಸಿದರು. ಬೆನ್ನು ಎಲ್ಲಿ ಕೆಂಪಾಗುತ್ತದೆ, ಎಲ್ಲಿ ಎಣ್ಣೆ ತಿಕ್ಕಬೇಕು, ಎಲ್ಲಿ ತಿಕ್ಕಬಾರದು ಎಂಬುದನ್ನೆಲ್ಲ ತನ್ನ ಮೈಮೇಲೆಯೇ ತೋರಿಸಿದಳು. ತನ್ನ ಮೈಯನ್ನು ಹೀಗೆ ಹದಿನಾಲ್ಕು ಹೆಂಗಸರ ಕೈಗೆ ಮೊದಲೇ ಪರಿಚಯ ಮಾಡಿಸಿಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎರಡು ಸಾವಿರದ ಮೂರರ ಚಳಿಗಾಲದಲ್ಲಿ ಆಯಿ ನಿಜವಾಗಿ ಬಿದ್ದಳು. ಟಗರುಗಳಿಗೆ ಮೇವಿನ ಹೊರೆ ತರುವಾಗ ಹೊಸ್ತಿಲು ಎಡವಿ, ತೊಡೆಯ ಸಂದಿನ ಎಲುಬು ಮುರಿಯಿತು. ಸತ್ತೆಪ್ಪನೇ ಟೆಂಪೋ ಮಾಡಿ ಗೋಕಾಕದ ದವಾಖಾನೆಗೆ ಕರೆದೊಯ್ದ. ಅವ್ವ ಸಂಗಡ ಹೋಗಿದ್ದಳು. ಎರಡು ಟಗರು ಮಾರಿದ ಹಣದಲ್ಲಿ ಚಿಕಿತ್ಸೆಯಾಯಿತು. ಇನ್ನು ಮೇಲೆ ಎದ್ದು ನಡೆಯುವುದು ಕಷ್ಟ, ಮಲಗಿದಲ್ಲೇ ಎಲ್ಲ ಮಾಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು.

"ಮನ್ಯಾಗ ನೋಡ್ಕೊಳ್ಳಾವ್ರು ಯಾರ್ ಅದಾರಬೇ?"

"ಹದಿನಾಲ್ಕು ಮಂದಿ ಅದಾರ್ರಿ."

"ಅಷ್ಟ ಮಂದಿ ಮಕ್ಕಳೇನ?"

"ಒಂದೂ ಇಲ್ರಿ ಸಾಹೇಬ್ರ."

ಡಾಕ್ಟರು ಮುದುಕಿಗೆ ಜ್ವರ ತಲೆಗೇರಿದೆಯೇನೋ ಎಂಬಂತೆ ಅವ್ವನ ಮುಖ ನೋಡಿದರಂತೆ. ಅವ್ವ, "ಖರೆ ಐತ್ರಿ" ಎಂದಳು.

ಅಂದಿನಿಂದ ಪಾಳಿ ಶುರುವಾಯಿತು. ಇದು ನಾನು ಕಂಡದ್ದು. ಆಗ ನನಗೆ ಹನ್ನೆರಡು ವರ್ಷ. ಹೊತ್ತು ಹುಟ್ಟುವಾಗ ಒಬ್ಬಾಕೆ ಕೈಯಲ್ಲಿ ರೊಟ್ಟಿಯ ಗಂಟು ಹಿಡಿದು ಬರುತ್ತಿದ್ದಳು, ಇನ್ನೊಬ್ಬಾಕೆ ನಿದ್ದೆಗಣ್ಣಲ್ಲಿ ಮನೆಗೆ ಹೋಗುತ್ತಿದ್ದಳು. ಹೊಸ್ತಿಲಲ್ಲಿ ನಿಂತು ಹೋಗುವವಳು ಬರುವವಳಿಗೆ ಹೇಳಬೇಕಾದ್ದು ಹೇಳುತ್ತಿದ್ದಳು: ಎಡಗಡೆ ಜಾಸ್ತಿ ಮಲಗಿದ್ದಾಳೆ, ಇವತ್ತು ಬಲಗಡೆ ಮಲಗಿಸು, ಅಂಬಲಿ ಬೇಡವೆಂದಳು, ತಲೆ ಬಾಚಬೇಕು. ಹದಿನಾಲ್ಕು ದಿನಕ್ಕೊಮ್ಮೆ ಬರುವವರಿಗೆ ಬೇಸರ ಬರುವಷ್ಟು ಹೊತ್ತೇ ಸಿಗುತ್ತಿರಲಿಲ್ಲ. ಮನೆಯಲ್ಲಿ ಅತ್ತೆಯ ಕಾಟದಿಂದ ಒಂದು ದಿನ ಬಿಡುಗಡೆ ಎಂದು ಕುಣಿಯುತ್ತ ಬರುವವರೂ ಇದ್ದರು. ನಮ್ಮವ್ವ ನಮ್ಮ ಮನೆಯಲ್ಲಿ ಆಡದ ಮಾತುಗಳನ್ನು ಅಲ್ಲಿ ಆಡುತ್ತಿದ್ದಳು. ಆಯಿಯ ಮನೆಯಿಂದ ನಗು ಕೇಳಿದರೆ ಆ ದಿನ ಕೆಂಚವ್ವನ ಪಾಳಿ ಎಂದು ದಾರಿಯಲ್ಲಿ ಹೋಗುವವರಿಗೂ ತಿಳಿಯುತ್ತಿತ್ತು. ಹೀಗೆ ಒಂದು ವರ್ಷ ಕಳೆದು ಎರಡನೆಯದೂ ಅರ್ಧವಾಯಿತು. ಆಯಿಯ ಮೈಮೇಲೆ ಒಂದು ಗಾಯವಿರಲಿಲ್ಲ.

ಎರಡು ಸಾವಿರದ ಐದರ ಮಳೆಗಾಲ ಜೋರಾಗಿ ಹಿಡಿಯಿತು. ಹಿಂದೆಯೇ ಕುರಿಗಳಿಗೆ ಬೇನೆ ಬಂತು. ತುಟಿ ಬಾತು, ನಾಲಿಗೆ ನೀಲಿಯಾಗಿ, ಕಾಲು ಕುಂಟಿ, ಮೇವು ಮುಟ್ಟದೆ ಕುರಿಗಳು ಮಲಗಿದಲ್ಲೇ ಸಾಯತೊಡಗಿದವು. ಊರಿನ ಯಾವ ದೊಡ್ಡಿಯನ್ನೂ ಅದು ಬಿಡಲಿಲ್ಲ.

ಆಯಿಯ ಗುರುತಿನ ಕುರಿ ಮೊದಲು ಸತ್ತದ್ದು ಕೆಳಗಿನ ಓಣಿಯ ಒಂದು ಮನೆಯಲ್ಲಿ. ಆ ಮನೆಯಾಕೆ ಎರಡು ಕಿವಿಗಳನ್ನು ಮುತ್ತಲದ ಎಲೆಯಲ್ಲಿ ಸುತ್ತಿ ತಂದಳು. ಆಯಿ ಮಲಗಿದಲ್ಲೇ ಕೈಚಾಚಿ ತೆಗೆದುಕೊಂಡಳು. ಆಕೆಯ ಕಣ್ಣು ಮಂಜಾಗಿತ್ತು. ಬೆರಳಿನಿಂದ ಸೀಳು ಮುಟ್ಟಿದಳು, ಕಚ್ಚು ಮುಟ್ಟಿದಳು.

"ಹೌದವಾ, ನಂದ. ಛಲೋ ಸಾಕಿದ್ದಿ. ನೀ ಬಿಟ್ಟಿ. ನಾಳಿಂದ ಬರಬ್ಯಾಡ."

ಆ ಹೆಂಗಸು ಅಳುತ್ತ ಹೋದಳು. ಅವಳ ಪಾಳಿಯ ದಿನ ಬಂದಾಗ ಯಾರೂ ಬರಲಿಲ್ಲ. ಅವಳ ಹೆಸರು ಬರೆಯುವುದಿಲ್ಲ, ಏಕೆಂದರೆ ಅವಳು ತಪ್ಪು ಮಾಡಲಿಲ್ಲ. ಆಗಿದ್ದ ಮಾತು ಅಷ್ಟೇ ಇತ್ತು. ಹಿಂದಿನ ದಿನದ ಪಾಳಿಯವಳೇ ಇನ್ನೊಂದು ದಿನ ನಿಂತಳು. ವಾರದಲ್ಲಿ ಮತ್ತೊಂದು ಮನೆಯಿಂದ ಕಿವಿ ಬಂದವು, ಆಮೇಲೆ ಇನ್ನೊಂದರಿಂದ. ಹೀಗೆ ಆರು ಮನೆಗಳು ಬಿಟ್ಟುಹೋದವು. ಆಯಿ ಆರೂ ಮನೆಗೆ ಅದೇ ಮಾತು ಹೇಳಿದಳು, ಒಂದು ಶಬ್ದ ಹೆಚ್ಚು ಕಡಿಮೆಯಿಲ್ಲ. ಖಾಲಿ ದಿನಗಳು ಹೆಚ್ಚಾಗಿ, ಕೆಲವು ದಿನ ಹೊರಳಿಸುವವರೇ ಇಲ್ಲದೆ ಆಕೆಯ ಬೆನ್ನಿನ ಕೆಳಗೆ ಅಂಗೈಯಗಲ ಕೆಂಪಾಯಿತು. ಅವ್ವ ಅದನ್ನು ನೋಡಿ ಬಂದು ರಾತ್ರಿ ಉಣ್ಣಲಿಲ್ಲ.

ಅದೇ ವಾರ ನಮ್ಮ ಅಂಗಳದ ಕುರಿಯೂ ಸತ್ತಿತು.

ಅಪ್ಪ ಶಿವಾನಂದ ಕಿವಿ ಕೊಯ್ಯಲು ಕುಡಗೋಲು ತಂದ. ಅವ್ವ ಅಡ್ಡ ನಿಂತಳು.

"ಬ್ಯಾಡ್ರಿ. ಕಿವಿ ಸಂಗಾಟ ಹುಗೀರಿ."

"ಹುಚ್ಚ ಹಿಡದೈತೇನ ನಿನಗ? ಪಾಲಿನ ಕುರಿ ಕಿವಿ ತೋರಸಲಿಲ್ಲಂದ್ರ ನಾಳಿ ನಾವು ಮಾರ್ಕೊಂಡು ತಿಂದೀವಿ ಅಂತಾರ ಮಂದಿ."

"ಸತ್ತೈತಿ ಅಂತ ಹೇಳಿದ್ರಲ್ಲ ಅನ್ನೂದು. ನಾ ಹೇಳೂದ ಇಲ್ಲ."

ಕುರಿ ಬದುಕಿದ್ದಾಗ ಸತ್ತಿತೆಂದು ಸುಳ್ಳು ಹೇಳುವವರು ಇದ್ದಾರೆ. ಸತ್ತ ಕುರಿಯನ್ನು ಬದುಕಿದೆ ಎನ್ನುವ ಸುಳ್ಳನ್ನು ಅಪ್ಪ ತನ್ನ ಜನ್ಮದಲ್ಲಿ ಕೇಳಿರಲಿಲ್ಲ. ಅವನು ಕುಡಗೋಲನ್ನು ಸೂರಿಗೆ ಸಿಗಿಸಿದ. ಆಮೇಲೆ ಗುದ್ದಲಿ ತಂದ.

ಆದರೆ ಆಯಿ ಹುಟ್ಟಾ ಕುರಿಯವಳು. ಬೇನೆ ಊರು ಸುಡುತ್ತಿರುವಾಗ ಆರು ಮನೆಗೆ ಬಂದು ಉಳಿದ ಎಂಟು ಮನೆಯ ಬಾಗಿಲಲ್ಲಿ ನಿಲ್ಲುವುದಿಲ್ಲವೆಂದು ಆಕೆಗೆ ಗೊತ್ತು. ಹತ್ತು ದಿನ ಒಂದು ಕಿವಿಯೂ ಬರದಿದ್ದಾಗ ಆಕೆ ಹೇಳಿಕಳಿಸಿದಳು: ಎಂಟು ಮನೆಯವರೂ ಸೋಮವಾರ ಮುಂಜಾನೆ ತಮ್ಮ ತಮ್ಮ ಕುರಿ ತಂದು ತೋರಿಸಬೇಕು.

ಭಾನುವಾರ ಅವ್ವ ನಮ್ಮದೇ ಹಿಂಡಿನಿಂದ ಒಂದು ಹೆಣ್ಣು ಕುರಿಯನ್ನು ಹಿಡಿದಳು. ಬೇನೆಯಿಂದ ಉಳಿದಿದ್ದವೇ ಕೆಲವು, ಅವುಗಳಲ್ಲೆಲ್ಲ ಅದು ಛಲೋ ಇತ್ತು. ಅಪ್ಪ ಕಾಲು ಹಿಡಿದ. ಅವ್ವ ಎಡಗಿವಿಗೆ ಸೀಳು ಹಾಕಿ, ಬಲಗಿವಿಗೆ ಅರ್ಧಚಂದ್ರದ ಕಚ್ಚು ಹಾಕಿದಳು. ರಕ್ತ ಸುರಿಯಿತು. ಕುರಿ ಸಾಕುವವರ ಕೈ ಗಾಯ ಕಂಡರೆ ಸುಮ್ಮನಿರುವುದಿಲ್ಲ. ಅವ್ವ ಅರಿಷಿಣವನ್ನು ಎಣ್ಣೆಯಲ್ಲಿ ಕಲಸಿ ಎರಡೂ ಕಿವಿಗೆ ದಪ್ಪಗೆ ಮೆತ್ತಿದಳು. ತನ್ನ ಕುರಿಗೆ ತಾನೇ ಇನ್ನೊಬ್ಬರ ಗುರುತು ಹಾಕುವುದೆಂದರೆ ಆ ಕುರಿಯನ್ನು ಅವರಿಗೆ ಕೊಟ್ಟಂತೆಯೇ. ಇದು ಅಪ್ಪನಿಗೂ ಗೊತ್ತಿತ್ತು. ಆದರೂ ಅವನು ಹಿಡಿದ ಕಾಲು ಬಿಡಲಿಲ್ಲ.

ಸೋಮವಾರ ನಾವು ಹೋದಾಗ ಆಯಿಯ ಅಂಗಳದಲ್ಲಿ ಆಗಲೇ ಕೆಲವರು ಕುರಿಗಳ ಹಗ್ಗ ಹಿಡಿದು ನಿಂತಿದ್ದರು. ಯಾರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನಾನು ಕುರಿಗಳ ಕಿವಿ ನೋಡಿದೆ. ಕೆಂಚವ್ವನ ಕುರಿಯ ಕಿವಿ ಹಳದಿ. ಅದರ ಆಚೆಯದೂ ಹಳದಿ. ಎಂಟರಲ್ಲಿ ಐದು ಕುರಿಗಳು ಮದುವೆಗೆ ಹೊರಟಂತೆ ಅರಿಷಿಣ ಹಚ್ಚಿಕೊಂಡು ನಿಂತಿದ್ದವು.

ಆಯಿಯನ್ನು ಹಾಸಿಗೆ ಸಮೇತ ಬಾಗಿಲಿಗೆ ಎಳೆದು, ಗೋಡೆಗೆ ಒರಗಿಸಿ ಕೂರಿಸಿದರು. ಒಂದೊಂದೇ ಕುರಿಯನ್ನು ಹತ್ತಿರ ತಂದರು. ಮೊದಲನೆಯದರ ಕಿವಿ ಮುಟ್ಟಿ, "ಇದು ನಂದು" ಎಂದಳು. ಎರಡನೆಯದನ್ನು ಮುಟ್ಟಿದಳು. ಬೆರಳನ್ನು ಮೂಗಿನ ಹತ್ತಿರ ತಂದಳು. ಮುಂದಿನದನ್ನು ತರಿಸಿದಳು. ಎಂಟೂ ಮುಗಿಯುವ ಹೊತ್ತಿಗೆ ಆಕೆಯ ಹತ್ತೂ ಬೆರಳು ಹಳದಿಯಾಗಿದ್ದವು.

"ಐದೂ ಕುರಿಗೆ ಒಂದ ದಿನ ಕಿವಿ ಹರೀತೇನ?"

"ಬ್ಯಾನಿ ಕಾಲ ನೋಡ್ ಅತ್ತಿ" ಎಂದಳು ಕೆಂಚವ್ವ. "ಕಿವಿಗೂ ಬರಾಕತ್ತೈತಿ."

ಯಾರೋ ನಕ್ಕರು. ಆಯಿ ನಗಲಿಲ್ಲ. ಹಳದಿ ಬೆರಳುಗಳನ್ನು ಕಂಬಳಿಗೆ ಒರೆಸಿಕೊಂಡಳು.

"ನಾ ಇಷ್ಟು ವರ್ಷ ಎದಕ್ಕ ಇದನ್ನೆಲ್ಲಾ ಕಟ್ಟಿದ್ನಿ? ಯಾರ ಮುಂದೂ ಕೈ ಒಡ್ಡಬಾರದಂತ. ನನ್ನ ಮೈ ತೊಳದವರಿಗೆ ನಾ ಮೊದಲ ಕೊಟ್ಟೀನಿ ಅಂತ ಧೈರ್ಯಾ ಇತ್ತು. ಈಗ ಸತ್ತ ಕುರಿ ಮುಚ್ಚಿಟ್ಟು ನನಗ ಭಿಕ್ಷಾ ಹಾಕಾಕ ಬಂದೀರಿ. ಹೋಗ್ರಿ. ಎಲ್ಲಾರೂ ಬಿಟ್ಟೀರಿ. ಸತ್ತೆಪ್ಪನ್ನ ಕರೀರಿ, ಅವನ ಮನಿಗೆ ಹೋಗ್ತೀನಿ."

ನಮ್ಮವ್ವ ನಾಲ್ಕು ಮಂದಿಯ ನಡುವೆ ಬಾಯಿ ತೆರೆಯುವವಳಲ್ಲ. ಆ ಗುಣ ನನಗೂ ಬಂದಿದೆ. ಆದರೆ ಅಂದು ಆಕೆ ಹಗ್ಗ ಹಿಡಿದುಕೊಂಡೇ ಮುಂದೆ ಬಂದಳು.

"ಅತ್ತಿ, ಈ ಕುರಿ ಕಿವಿ ಮ್ಯಾಲ ಯಾರ ಗುರುತು ಐತ್ರಿ?"

"ನಂದ."

"ಗುರುತು ಯಾರದೋ ಕುರಿ ಅವರದು. ಇದು ನಾ ಮಾಡಿದ ರೂಢಿ ಅಲ್ಲ. ನಿಮಗ ಭಿಕ್ಷಾ ಬ್ಯಾಡಂದ್ರ ಇದನ್ನ ನೀವ ಪಾಲಿಗೆ ಇಸ್ಕೊಂಡೀರಿ ಅಂತ ತಿಳಕೋರಿ. ನಾ ನಿಮಗ ಕುರಿ ಕೊಟ್ಟೀನಿ. ಕುರಿ ಇಸ್ಕೊಂಡವರು ದುಡೀಬೇಕು. ಏನ್ ದುಡೀತೀರಿ ಹೇಳ್ರಿ."

ಇಷ್ಟು ಹೇಳಿ ಅವ್ವ ತಾನೇ ಹೆದರಿದಳು, ತಲೆ ತಗ್ಗಿಸಿದಳು. ಆಯಿ ಆಕೆಯ ಕಡೆ ನೋಡಿದಳು. ಮಂಜುಗಣ್ಣಿಗೆ ಎಷ್ಟು ಕಂಡಿತೋ ತಿಳಿಯದು. ಆಮೇಲೆ ಆಕೆಯ ಮುಖದಲ್ಲಿ ಪೇಟೆಯಲ್ಲಿ ಕುರಿಯ ಬೆಲೆ ಕುದುರಿಸುವವರ ಕಳೆ ಬಂತು.

"ಬಿದ್ದಾಕಿ ಏನ್ ದುಡೀಲಿ? ನನ್ನ ಕಡೆ ಇರೂದು ಒಂದ. ಕೇಳ್ರಿ. ಈ ಎಂಟು ಕುರಿ ಇನ್ನ ಮ್ಯಾಲ ನನ್ನವಲ್ಲ, ನಿಮ್ಮವೂ ಅಲ್ಲ. ನಾ ಸತ್ತ ಮ್ಯಾಲೂ ಈ ಗುರುತು ಅಳಸಬ್ಯಾಡ್ರಿ. ನಿಮ್ಮೊಳಗ ಯಾರರೆ ಒಬ್ಬಾಕಿ ಬಿದ್ದಳಂದ್ರ ಉಳದವರು ಆಕೀಗೆ ಪಾಳಿ ಹೋಗಬೇಕು. ಗುರುತಿನ ಕುರಿ ಅಂಗಳದಾಗ ಇದ್ದವರಿಗೆ ಅದು ತಪ್ಪೂದಿಲ್ಲ. ಇವತ್ತಿನ ತನಕ ನನ್ನೊಬ್ಬಾಕಿ ಸಲುವಾಗಿ ಮಾತಾಗಿತ್ತು, ಇನ್ನ ಎಲ್ಲಾರ ಸಲುವಾಗಿ. ನಿಮ್ಮ ಹೆಣ್ಣ ಹುಡುಗ್ಯಾರನ್ನ ಕಳಸ್ರಿ, ಹೊರಳಸೂದು ಕಲಸ್ತೀನಿ. ಕಲಿಯಾಕ ಬಿದ್ದ ಮೈ ಬೇಕಲ್ಲ, ಅದು ನನ್ನ ದುಡಿಮಿ. ಇದು ಕಬೂಲ ಇದ್ರ ನಿಮ್ಮ ಕುರಿ ಇಸ್ಕೋತೀನಿ, ಇಲ್ಲಂದ್ರ ಹೊಡಕೊಂಡು ಹೋಗ್ರಿ."

"ಕಬೂಲ" ಎಂದಳು ಕೆಂಚವ್ವ. "ಆದ್ರ ಮೊದಲ ನಾ ಬಿದ್ರ ದ್ರಾಕ್ಷಾಯಿಣಿ ಮಾಡಿದ ಅಂಬಲಿ ಕುಡಿಯೂದಿಲ್ಲ ನೋಡು."

ಬಿಟ್ಟುಹೋಗಿದ್ದ ಆರು ಮನೆಗಳಲ್ಲಿ ಮೂರು ಮನೆಯವರು ಮುಂದಿನ ವಾರ ತಮ್ಮ ತಮ್ಮ ಕುರಿಯ ಕಿವಿಗೆ ಆಯಿಯ ಗುರುತು ಹಾಕಿಸಿಕೊಂಡು ಬಂದರು. ಮೂವರು ಬರಲಿಲ್ಲ. ಪಾಳಿ ಹನ್ನೊಂದು ದಿನಕ್ಕೊಮ್ಮೆ ಆಯಿತು. ಆಯಿಯ ಬೆನ್ನಿನ ಕೆಂಪು ಇಳಿಯಿತು. ಸಾಲೆ ಬಿಟ್ಟ ನಾವು ನಾಲ್ಕು ಹುಡುಗಿಯರು ದಿನ ಬಿಟ್ಟು ದಿನ ಹೋಗಿ ಕಲಿತೆವು. ಆಕೆ ಬೈದದ್ದೇ ಹೆಚ್ಚು. "ನಿನ್ನ ಕೈ ತಣ್ಣಗೈತಿ, ಮೊದಲ ತಿಕ್ಕೊಂಡು ಬಿಸಿ ಮಾಡ್ಕೊ" ಎಂದು ಗದರುವಾಗ ಆಕೆ ನಮ್ಮ ಕೈಯಲ್ಲಿ ಬಿದ್ದಿರುವ ಮುದುಕಿ ಎಂದು ಅನ್ನಿಸುತ್ತಲೇ ಇರಲಿಲ್ಲ.

ಎರಡು ಸಾವಿರದ ಏಳರ ಬೇಸಿಗೆಯಲ್ಲಿ, ಒಂದು ಮುಂಜಾನೆ ಪಾಳಿ ಬದಲಾಗುವ ಹೊತ್ತಿಗೆ, ಬಂದವಳೂ ಹೋಗುವವಳೂ ಇಬ್ಬರೂ ಹತ್ತಿರ ಇದ್ದಾಗ ಆಯಿ ತೀರಿಕೊಂಡಳು.

ದಿನಕರ್ಮ ಮುಗಿದ ಮರುದಿನ ಸತ್ತೆಪ್ಪ ನಮ್ಮ ಮನೆಗೆ ಬಂದ. ಅವನಿಗೂ ಅರವತ್ತು ದಾಟಿತ್ತು. ವಾರಸುದಾರ ಅವನೇ. ಗುರುತಿನ ಕುರಿಗಳನ್ನು ಕೇಳಲು ಬಂದಿದ್ದಾನೆಂದು ಅವ್ವ ಬಾಗಿಲಲ್ಲೇ ನಿಂತಳು. ಕೆಂಚವ್ವನೂ ಎಲ್ಲಿದ್ದಳೋ ಓಡಿಬಂದಳು. ಸತ್ತೆಪ್ಪನ ಹಿಂದೆ ಅವನ ಮೊಮ್ಮಗ ಒಂದು ಹೆಣ್ಣು ಕುರಿಯನ್ನು ಹಿಡಿದುಕೊಂಡಿದ್ದ. ಅದರ ಕಿವಿಯಲ್ಲಿ ಸತ್ತೆಪ್ಪನ ಮನೆತನದ ಗುರುತು ಮಾತ್ರ ಇತ್ತು.

"ಇದಕ್ಕ ಕಾಕಿ ಗುರುತು ಹಾಕ್ರಿ" ಎಂದ. "ನನಗೂ ಒಂದು ಪಾಳಿ ಇರಲಿ."

"ಇದು ಹೆಂಗಸರ ಮಾತು ಮಾವಾ" ಎಂದಳು ಕೆಂಚವ್ವ. "ಗಂಡಸರನ್ನ ನಾವು ಹೊರಳಸೂದಿಲ್ಲ."

"ಮಗ ಅದಾನ ನನಗ, ಸೊಸಿ ಅದಾಳ. ಛಲೋ ಅದಾರ. ಆದ್ರ ಕಾಕಿ ಹೇಳಿದ್ದು ನನ್ನ ತಲ್ಯಾಗ ಕುಂತೈತಿ. ಒಬ್ಬರ ಕೈಯಾಗ ಬೀಳಾಕ ನನಗ ಅಂಜಿಕಿ ಐತೆವಾ."

ಅಷ್ಟು ದೊಡ್ಡ ಆಳು ಅಂಜಿಕೆ ಎಂಬ ಮಾತನ್ನು ಹೆಂಗಸರ ಮುಂದೆ ಆಡಿದ್ದನ್ನು ನಾನು ಮೊದಲ ಸಲ ಕೇಳಿದೆ. ಅವ್ವ ಮತ್ತು ಕೆಂಚವ್ವ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹಂಗಾರ ನಾಕು ಗಂಡಸರನ್ನ ಕೂಡಸ್ರಿ" ಎಂದಳು ಅವ್ವ. "ಗಂಡಸರ ಪಾಳಿ ಗಂಡಸರು ಮಾಡಬೇಕು. ನೀವ ಬರಬೇಕು, ಹೆಂಡ್ರನ್ನ ಕಳಸೂದಲ್ಲ. ಕಲಸೂದು ಬೇಕಾದ್ರ ನಾವು ಕಲಸ್ತೀವಿ."

ಸತ್ತೆಪ್ಪ ತಲೆಯಾಡಿಸಿದ. ಕುರಿಯ ಕಾಲು ತಾನೇ ಹಿಡಿದು ಕೂತ. ಅವ್ವ ಒಳಗೆ ಹೋಗಿ ಬ್ಲೇಡು ತಂದಳು.